ಹೆಲ್ಮೆಟ್ಟಿನೊಳಗಿನ ಅವರು

ದೂರದ ದ್ವೀಪದೇಶವೊಂದರ ಮರಿಕಿನಾ ಊರಿನ ಬೂಟು ಮಾಡುವ ಮನೆಗಳಲ್ಲಿ ಅಟ್ಟೆ ಕೂರಿಸುವವರು ಬೇರೆ, ಮೇಲ್ಭಾಗ ಹೊಲಿಯುವವರು ಬೇರೆ. ಅಟ್ಟೆಯ ಗಂಡಸರು ಬಾಗಿಲ ಹತ್ತಿರ ಗಾಳಿಗೆ ಕೂರುತ್ತಾರೆ. ಬಾಯಲ್ಲಿ ಮೊಳೆ ಕಚ್ಚಿಕೊಂಡಿರುವುದರಿಂದ ಅವರ ಮಾತು ಕಡಿಮೆ. ಹೊಲಿಯುವ ಹೆಂಗಸರು ಒಳಗೆ, ಮಿಷನ್ನಿನ ಮುಂದೆ. ಇವರ ಬಾಯಿ ಖಾಲಿ, ಕಿವಿಯೂ ಖಾಲಿ. ಅದಕ್ಕೇ ರೇಡಿಯೋ ಬೆಳಗ್ಗೆ ಎಂಟಕ್ಕೆ ಶುರುವಾದರೆ ಬೀಗ ಹಾಕುವ ತನಕ ಆಡುತ್ತಿರುತ್ತದೆ.

ಸತುರ್ನಿನಾ ಪಂಗನಿಬನ್ ಒಳಗಿನವಳು. ಹನ್ನೊಂದನೇ ವಯಸ್ಸಿಗೆ ದೊಡ್ಡಮ್ಮನ ಬೂಟಿನ ಮನೆಯಲ್ಲಿ ದಾರದ ತುದಿ ಕತ್ತರಿಸಲು ಕೂತವಳು, ಐವತ್ತೊಂದರಲ್ಲೂ ಅದೇ ಕಿಟಕಿಯ ಕೆಳಗೆ ಕೂತಿದ್ದಳು. ನವೆಂಬರಿನ ಕೊನೆಯಲ್ಲಿ ಬರುವ ಒಬ್ಬ ಸಂತನ ದಿನ ಹುಟ್ಟಿದ್ದಕ್ಕೆ ಆ ಹೆಸರು. ಶನಿಗ್ರಹದ ಹೆಸರೂ ಹೆಚ್ಚುಕಡಿಮೆ ಅದೇ ಅಂತ ಅಲ್ಲಿ ಯಾರೂ ಬೆದರುವುದಿಲ್ಲ. ಅವಳಿಗಂತೂ ಅದೊಂದು ಹೆಮ್ಮೆ. ‘ಉಂಗುರ ಇರೋ ಗ್ರಹ ನಂದು’ ಅನ್ನುವಳು. ‘ಬೆರಳಿಗಂತೂ ಉಂಗುರ ಬೀಳ್ಲಿಲ್ಲ, ಹೆಸರಿಗಾದ್ರೂ ಇರ್ಲಿ ಬಿಡು’ ಅನ್ನುವಳು ಪಕ್ಕದ ಮಿಷನ್ನಿನ ಲುದಿಂಗ್. ಎಲ್ಲರೂ ಕರೆಯುವುದು ನಿನಾ ಅಂತ.

ಮದುವೆ ಉಂಗುರ ಬೀಳದ್ದಕ್ಕೂ ಒಂದು ಕಾರಣ ಇತ್ತು ಅನ್ನುತ್ತಾರೆ. ಇಪ್ಪತ್ತರ ಹರೆಯದಲ್ಲಿ ಒಬ್ಬ ಬಾಡಿಗೆ ಜೀಪಿನವನು ಶುಕ್ರವಾರ ಸಂಜೆ ಹೊಳೆ ದಂಡೆಗೆ ಬಾ ಅಂದನಂತೆ. ಶುಕ್ರವಾರ ಆಗಲ್ಲ, ಟಿವಿಯಲ್ಲಿ ರಾಕೆಟ್ಟಿನ ಸಿನಿಮಾ ಇದೆ, ಶನಿವಾರ ಬರ್ತೀನಿ ಅಂದಳಂತೆ. ಶನಿವಾರ ಅವನು ಬರಲಿಲ್ಲ. ಇವಳು ಸಿನಿಮಾ ಚೆನ್ನಾಗಿತ್ತು ಅಂತ ಎಲ್ಲರಿಗೂ ಕತೆ ಹೇಳಿದಳು.

ಈ ರಾಕೆಟ್ಟಿನ ಹುಚ್ಚು ಶುರುವಾದದ್ದು ಎಪ್ಪತ್ತೊಂಬತ್ತನೇ ಇಸವಿಯಲ್ಲಿ. ದೊಡ್ಡಮ್ಮ ಒಂದು ಟಿವಿ ತಂದು ಚರ್ಮದ ಸುರುಳಿಗಳ ಮೇಲೆ ಕೂರಿಸಿದಳು. ಶುಕ್ರವಾರ ಸಂಜೆ ಆರಕ್ಕೆ ಜಪಾನಿನ ಒಂದು ಧಾರಾವಾಹಿ ಬರುತ್ತಿತ್ತು, ‘ಸೋರಾಗೋ’ ಅಂತ. ಸೋರಾಗೋ ಅಂದರೆ ಒಂದು ಹಡಗು, ಆಕಾಶದಲ್ಲಿ ತೇಲುವಂಥದ್ದು. ಅದರೊಳಗೆ ಐದು ಜನ ಹುಡುಗ ಹುಡುಗಿಯರು. ಅವರ ಸೂರ್ಯ ಆರಿಹೋಗಿದೆ, ಬೇರೆ ಮಣ್ಣು ಹುಡುಕಿಕೊಂಡು ಹೊರಟಿದ್ದಾರೆ. ಅವರನ್ನು ನಡೆಸುವವರು ಕಪ್ತಾನ್ ರೈಗಾ. ಬೂದು ಬಣ್ಣದ ಹೆಲ್ಮೆಟ್ಟು, ಮೊಣಕಾಲಿನವರೆಗೆ ಬೂಟು, ಉದ್ದನೆಯ ಅಂಗಿ. ಮುಖ ಯಾರೂ ಕಂಡಿಲ್ಲ. ಮಕ್ಕಳು ಗೊತ್ತಿಲ್ಲದ ನೆಲಕ್ಕೆ ಇಳಿಯುವಾಗಲೆಲ್ಲ ಕಪ್ತಾನರು ಹಡಗಿನ ಬಾಗಿಲಲ್ಲಿ ನಿಂತು, ಎರಡು ಬೆರಳಿಂದ ಹೆಲ್ಮೆಟ್ಟು ಮುಟ್ಟಿ, ಒಂದೇ ಮಾತು ಹೇಳುವರು: ‘ಹೋಗಿಬನ್ನಿ. ಬಾಗಿಲು ನಾನು ಕಾಯ್ತೀನಿ.’

ಮೊದಲ ಶುಕ್ರವಾರ ಆ ಮಾತು ಟಿವಿಯಿಂದ ಬಂದದ್ದೇ, ದೊಡ್ಡಮ್ಮನ ಕೈ ಮಿಷನ್ನಿನ ಮೇಲೆ ನಿಂತುಬಿಟ್ಟಿತು.

“ಅಯ್ಯೋ ನಮ್ಮಪ್ಪಾ! ಇದು ದೋಣ್ಯಾ ಉರ್ಸುಲಾ ಅಲ್ವೇನ್ರೇ?”

ದೋಣ್ಯಾ ಉರ್ಸುಲಾ ಅಂದರೆ ಮಧ್ಯಾಹ್ನ ಒಂದೂವರೆಯ ರೇಡಿಯೋ ನಾಟಕದ ಅತ್ತೆ. ಗಡಸು ಗಂಟಲು, ಒಳಗೊಳಗೇ ಕರುಣೆ. ಅದಕ್ಕೆ ದನಿ ಕೊಡುವ ಒಲಿಂಪಿಯಾ ಕಟಿಗ್ಬಾಕ್ ಅವರ ಕೆಮ್ಮನ್ನೂ ಆ ಮನೆಯ ಹೆಂಗಸರು ಗುರುತಿಸುತ್ತಿದ್ದರು. ಜಪಾನಿನ ಧಾರಾವಾಹಿಗಳನ್ನು ಅಲ್ಲಿನ ಮಾತಿಗೆ ತರುವಾಗ ಟಿವಿಯವರು ಈ ರೇಡಿಯೋ ಮಂದಿಯನ್ನೇ ಕರೆಸುತ್ತಿದ್ದರು. ಹಾಗಾಗಿ ಆವತ್ತು ಸಂಜೆಗೇ ತೀರ್ಮಾನ ಆಯಿತು. ಕಪ್ತಾನ್ ರೈಗಾ ಒಬ್ಬ ಹೆಂಗಸು. ಬಾಯಲ್ಲಿ ಮೊಳೆ ಇದ್ದ ಗಂಡಸರೂ ತಲೆಯಾಡಿಸಿದರು.

ಮಾತು ಆ ತೀರ್ಮಾನಕ್ಕೆ ಎಲ್ಲೂ ಅಡ್ಡ ಬರಲಿಲ್ಲ. ಆ ಜನರ ಮಾತಿನಲ್ಲಿ ಅವನು, ಅವಳು ಎಂಬ ಭೇದವೇ ಇಲ್ಲ. ಎರಡಕ್ಕೂ ಒಂದೇ ಪದ, ‘ಸಿಯಾ’. ನಾವು ದೊಡ್ಡವರನ್ನು ಗಂಡೋ ಹೆಣ್ಣೋ ಗೊತ್ತಾಗದ ಹಾಗೆ ‘ಅವರು’ ಅನ್ನುತ್ತೇವಲ್ಲ, ಅಲ್ಲಿನವರು ಎಳೆಗೂಸಿಗೂ ದೇವರಿಗೂ ಹಾಗೇ ಅನ್ನುತ್ತಾರೆ. ಹಡಗಿನ ಮಕ್ಕಳು ಮೂವತ್ತಮೂರು ವಾರ ಕಪ್ತಾನರ ಬಗ್ಗೆ ಮಾತಾಡಿದರು. ಒಂದು ಸಲವೂ ಗುಟ್ಟು ಹೊರಬೀಳಲಿಲ್ಲ.

ಮೂವತ್ತಮೂರೇ ವಾರ. ಮೂವತ್ತನಾಲ್ಕನೇ ಶುಕ್ರವಾರ ಆರಕ್ಕೆ ಟಿವಿ ಹಾಕಿದರೆ ಇಬ್ಬರು ಚಡ್ಡಿ ತೊಟ್ಟವರು ಗುದ್ದಾಡುತ್ತಿದ್ದರು. ಮುಂದಿನ ವಾರವೂ ಗುದ್ದಾಟ. ಅಟ್ಟೆಯ ಗಂಡಸರು ಬಾಯಿಂದ ಮೊಳೆ ತೆಗೆದು ಕೂಗಾಡಿ ನೋಡಿದರು. ಕತೆಗೆ ಇನ್ನು ಮೂರೇ ಭಾಗ ಬಾಕಿ ಇತ್ತಂತೆ, ಯಾಕೆ ನಿಲ್ಲಿಸಿದರು ಅಂತ ಯಾರೂ ಹೇಳಲಿಲ್ಲ. ಹನ್ನೊಂದು ವರ್ಷದ ನಿನಾ ಎರಡು ತಿಂಗಳು ಪ್ರತಿ ಶುಕ್ರವಾರ ಗುದ್ದಾಟವನ್ನೇ ನೋಡಿದಳು, ನಡುವೆ ಎಲ್ಲಾದರೂ ಹಡಗು ಬಂದೀತು ಅಂತ.

ಆಮೇಲೆ ನೋಡಲು ಬೇರೆ ಎಷ್ಟೋ ಬಂದವು. ಯಂತ್ರದ ಮನುಷ್ಯರು, ಚಂದ್ರನ ಮೇಲಿನ ಪೊಲೀಸರು, ಕಾಲದಲ್ಲಿ ಹಿಂದೆ ಹೋಗುವ ರೈಲು. ಅವಳು ಎಲ್ಲವನ್ನೂ ನೋಡಿದಳು, ಎಲ್ಲದರ ಲೆಕ್ಕಾಚಾರವನ್ನೂ ಕೇಳುತ್ತಿದ್ದಳು. ಅಲ್ಲಿ ಗಾಳಿ ಇಲ್ಲ ಅಂದಮೇಲೆ ಸದ್ದು ಹೇಗೆ ಬಂತು? ಅಷ್ಟು ದೂರ ಹೋದವರು ಬಟ್ಟೆ ಎಲ್ಲಿ ಒಗೆದರು? ಬಾಹ್ಯಾಕಾಶದ ಬೂಟಿಗೆ ಅಟ್ಟೆ ಯಾಕೆ ಬೇಕು, ನೆಲವೇ ಇಲ್ಲವಲ್ಲ? ಆದರೆ ಮನಸ್ಸು ನಿಂತದ್ದು ಸೋರಾಗೋದ ಬಾಗಿಲಲ್ಲೇ. ಇಪ್ಪತ್ತೊಂಬತ್ತು ದಾಟುವ ಹೊತ್ತಿಗೆ ಪತ್ರಿಕೆಯೊಂದರ ಮೂಲಕ ಅವಳಂಥವರು ಏಳೆಂಟು ಜನ ಸಿಕ್ಕರು. ಒಂದು ಸಂಘ ಆಯಿತು. ತಿಂಗಳಿಗೊಮ್ಮೆ ಭಾನುವಾರ ಚರ್ಚು ಮುಗಿಸಿ ಯಾರದಾದರೂ ಮನೆಯಲ್ಲಿ ಸೇರಿ, ಗೋಧಿ ಶ್ಯಾವಿಗೆ ತಿಂದು, ಬಾರದೇ ಹೋದ ಮೂರು ಭಾಗಗಳಲ್ಲಿ ಏನಾಗಿರಬಹುದು ಅಂತ ವಾದ ಮಾಡುತ್ತಿದ್ದರು.

ಕಪ್ತಾನರ ವೇಷ ನಿನಾ ಆಗಲೇ ಹೊಲಿದದ್ದು. ಹೆಲ್ಮೆಟ್ಟು ಬೈಕಿನದು, ಮೇಲೆ ಕಾಗದದ ಹಿಟ್ಟು ಬಳಿದು ಉಜ್ಜಿ ಬಣ್ಣ ಹಾಕಿದ್ದು. ಬೂಟಿಗೆ ಮಾತ್ರ ಒಳ್ಳೆಯ ಕರುವಿನ ಚರ್ಮ, ತನ್ನ ಕಾಲಿನ ಅಳತೆಗೆ ತಾನೇ ಕೆತ್ತಿಸಿದ ಮರದ ಅಚ್ಚಿನ ಮೇಲೆ ಎಳೆದದ್ದು, ಐದನೇ ನಂಬರು. ಇಪ್ಪತ್ತೆರಡು ವರ್ಷ ಸಂಘದ ಪ್ರತಿ ಮೆರವಣಿಗೆಯಲ್ಲಿ ಅದನ್ನು ತೊಟ್ಟು ನಡೆದದ್ದು ಅವಳೇ. ಎರಡು ಸಾವಿರದ ಒಂಬತ್ತರ ನೆರೆಯಲ್ಲಿ ಹೊಳೆ ಮನೆಯ ಮಾಡಿನವರೆಗೆ ಏರಿತ್ತಲ್ಲ, ಆಗ ಬೀದಿಯ ಹದಿನಾಲ್ಕು ಜನ ಒಂದೇ ಸೂರಿನ ಮೇಲೆ ಕೂತಿದ್ದರು. ಕೈಯಲ್ಲಿ ಹಿಡಿಯಲು ಜಾಗವಿಲ್ಲದೆ ನಿನಾ ಹೆಲ್ಮೆಟ್ಟನ್ನು ತಲೆಗೇ ಹಾಕಿಕೊಂಡಿದ್ದಳು. “ಕಪ್ತಾನ್, ಬಾಗಿಲು ಕಾಯ್ತೀರಾ?” ಅಂತ ಲುದಿಂಗ್ ಮಳೆಯಲ್ಲಿ ನಡುಗುತ್ತಲೇ ಕೂಗಿದಳು. “ಬಾಗಿಲು ಆಗ್ಲೇ ಸಮುದ್ರಕ್ಕೆ ಹೋಯ್ತು, ಬಾಯಿ ಮುಚ್ಚು” ಅಂತ ಹೆಲ್ಮೆಟ್ಟಿನೊಳಗಿಂದ ಉತ್ತರ ಬಂತು. ಅಂದಿನಿಂದ ಬೀದಿಯವರಿಗೂ ಅವಳು ಕಪ್ತಾನ್.

ಎರಡು ಸಾವಿರದ ಹತ್ತೊಂಬತ್ತಕ್ಕೆ ಸೋರಾಗೋ ಬಂದು ನಲವತ್ತು ವರ್ಷ. ಆ ಹೊತ್ತಿಗೆ ಸಂಘದಲ್ಲಿ ಇನ್ನೂರು ಜನ. ಅಧ್ಯಕ್ಷೆ ಜೊವೆಲಿನ್, ಹೈಸ್ಕೂಲಿನ ಇಂಗ್ಲಿಷ್ ಟೀಚರು, ಧಾರಾವಾಹಿ ನಿಂತು ಐದು ವರ್ಷದ ಮೇಲೆ ಹುಟ್ಟಿದವಳು. ಜಪಾನಿನಿಂದ ಯಾರೋ ಮೂವತ್ತಾರೂ ಭಾಗಗಳಿದ್ದ ಡಿಸ್ಕು ತಂದುಕೊಟ್ಟರು. ಮಾಲಿನ ಮೂರನೇ ಮಹಡಿಯ ಸಭಾಂಗಣದಲ್ಲಿ ಭಾನುವಾರ ಮಧ್ಯಾಹ್ನ ಕೊನೆಯ ಭಾಗ ತೋರಿಸುವುದು ಅಂತ ಆಯಿತು. ಅದಕ್ಕೆ ಅಲ್ಲಿನ ಮಾತಿನಲ್ಲಿ ದನಿ ಇರಲಿಲ್ಲವಲ್ಲ, ಎಂಬತ್ತೆರಡರ ಒಲಿಂಪಿಯಾ ಅವರನ್ನೇ ಕರೆಸಿ ಪರದೆಯ ಪಕ್ಕ ಕೂರಿಸಿ ಮಾತಾಡಿಸುವುದು. ಆ ಹೊತ್ತಿಗೆ ಕಪ್ತಾನರು ವೇಷದಲ್ಲಿ ವೇದಿಕೆಯ ಮೇಲೆ ನಿಂತಿರುವುದು. ಯಾರು ನಿಲ್ಲುವುದು ಅಂತ ಯಾರೂ ಕೇಳಲೇ ಇಲ್ಲ. ನಿನಾ ಬೂಟಿಗೆ ಹೊಸ ಹಿಮ್ಮಡಿ ಹಾಕಿಸಿಕೊಂಡಳು. ಡಿಸ್ಕನ್ನು ಮಾತ್ರ ನೋಡಲಿಲ್ಲ. ನಲವತ್ತು ವರ್ಷ ಕಾದವಳು ಇನ್ನು ಎರಡು ವಾರ ಕಾಯ್ತೀನಿ, ಎಲ್ಲರ ಜೊತೆ ನೋಡ್ತೀನಿ ಅಂದಳು.

ಒಂದು ಗುರುವಾರ ಜೊವೆಲಿನ್ ಬೂಟಿನ ಮನೆಗೆ ಬಂದಳು. ಹಿಂದೆ ಮೆಯೋಂಗ್ ಇದ್ದ. ಅವನು ಕುಡಿಯುವ ನೀರು ತುಂಬಿಸಿಕೊಡುವ ಅಂಗಡಿಯವನು, ನಲವತ್ತರ ಆಸುಪಾಸು, ಸಂಘದಲ್ಲಿ ಹಡಗಿನ ಎಂಜಿನ್ನಿನ ಬಗ್ಗೆ ಅವನಷ್ಟು ತಿಳಿದವರಿಲ್ಲ.

“ಅಕ್ಕಾ, ಸ್ವಲ್ಪ ಕೂತ್ಕೊಳ್ಳಿ,” ಅಂದಳು ಜೊವೆಲಿನ್.

“ಕೂತೇ ಇದೀನಲ್ಲೇ. ನಲವತ್ತು ವರ್ಷ ಆಯ್ತು ಕೂತು.”

“ಕೊನೇ ಭಾಗ ನೋಡ್ದೆ. ಕಪ್ತಾನ್ ಹೆಲ್ಮೆಟ್ ತೆಗೀತಾರೆ.”

ನಿನಾ ಮಿಷನ್ನಿನ ಗಾಲಿಯ ಮೇಲೆ ಅಂಗೈ ಇಟ್ಟು ನಿಲ್ಲಿಸಿದಳು. “ಹೇಳ್ಬೇಡ ಅಂದಿದ್ನಲ್ಲ?”

“ಹೇಳ್ಲೇಬೇಕು ಅಕ್ಕಾ. ಗಡ್ಡ ಇದೆ.”

“ಯಾರಿಗೆ?”

“ಕಪ್ತಾನ್‌ಗೆ.”

ಲುದಿಂಗ್ ರೇಡಿಯೋದ ಕಿವಿ ಹಿಂಡಿ ಸಣ್ಣ ಮಾಡಿದಳು. “ಇದ್ರೆ ಏನೀಗ? ನಮ್ಮತ್ತೆಗೂ ಇತ್ತು.”

“ಆ ಥರ ಗಡ್ಡ ಅಲ್ಲ, ಪೂರ್ತಿ ಗಡ್ಡ,” ಅಂದಳು ಜೊವೆಲಿನ್. “ಗಂಡಸು ಅಕ್ಕಾ. ಮೊದಲಿಂದ್ಲೂ ಗಂಡಸೇ ಅಂತೆ. ಜಪಾನಿನಲ್ಲಿ ಎಲ್ರಿಗೂ ಗೊತ್ತು. ನಮಗೇ ಗೊತ್ತಾಗ್ಲಿಲ್ಲ. ಎಲ್ಲಾ ಆ ಸಿಯಾ ಮಾಡಿದ್ದು. ನನ್ನ ಕ್ಲಾಸಿನ ಮಕ್ಕಳು ಇಂಗ್ಲಿಷಿನಲ್ಲಿ ಬರೆದ್ರೆ ಅಮ್ಮನಿಗೂ ‘ಹಿ’ ಹಾಕ್ತಾವೆ, ಅಪ್ಪನಿಗೂ ‘ಶಿ’ ಹಾಕ್ತಾವೆ, ದಿನಾ ತಿದ್ದಿ ತಿದ್ದಿ ಸಾಯ್ತೀನಿ. ಈಗ ನೋಡಿದ್ರೆ ನಾವೂ ಅದೇ ಮಾಡಿದೀವಿ.”

ನಿನಾ ಮೆಯೋಂಗನ ಕಡೆ ನೋಡಿದಳು. ಅವನು ಬಾಗಿಲಲ್ಲಿ ನಿಂತು ಕೆನ್ನೆ ಕೆರೆದುಕೊಳ್ಳುತ್ತಿದ್ದ. ಸಂಘದ ಗಂಡಸರಲ್ಲಿ ಕೆನ್ನೆ ತುಂಬ ಕೂದಲು ಬೆಳೆಯುವವನು ಅವನೊಬ್ಬನೇ. ಯಾಕೆ ಬಂದಿದ್ದಾನೆ ಅಂತ ಅವಳಿಗೆ ಆಗ ಹೊಳೆಯಿತು.

“ನಾನೇನೂ ಕೇಳ್ಲಿಲ್ಲ ಅಕ್ಕಾ,” ಅಂದ ಅವನು. “ಇವರೇ ಎಳ್ಕೊಂಡ್ ಬಂದ್ರು.”

“ಪರದೆ ಮೇಲೆ ಹೆಲ್ಮೆಟ್ ತೆಗೆದಾಗ ವೇದಿಕೆ ಮೇಲೂ ತೆಗೀಬೇಕು ಅಂತ ಯೋಚನೆ,” ಅಂದಳು ಜೊವೆಲಿನ್. “ಅಲ್ಲಿ ಗಡ್ಡ, ಇಲ್ಲಿ ನಿಮ್ಮ ಮುಖ ಅಂದ್ರೆ ಜನ ನಗ್ತಾರೆ ಅಕ್ಕಾ.”

“ಇಪ್ಪತ್ತೆರಡು ವರ್ಷ ನಕ್ಕಿಲ್ಲ.”

“ಇಪ್ಪತ್ತೆರಡು ವರ್ಷ ನೀವು ಹೆಲ್ಮೆಟ್ ತೆಗೆದಿಲ್ಲ.”

ನಿನಾ ಕೈಯಲ್ಲಿದ್ದ ಚರ್ಮದ ತುಂಡನ್ನು ಮಡಿಸಿದಳು, ಬಿಚ್ಚಿದಳು. ಆಮೇಲೆ ಅವಳು ಹೇಳಿದ್ದು ಇಷ್ಟು: ಜಪಾನಿನವರು ಅವರ ದೇಶದಲ್ಲಿ ಏನಾದರೂ ಬೆಳೆಸಿಕೊಳ್ಳಲಿ. ನಾವು ನೋಡಿದ್ದು ನಮ್ಮ ದನಿಯನ್ನು. ದನಿ ಕೊಟ್ಟವರು ಇನ್ನೂ ಬದುಕಿದ್ದಾರೆ. ಅವರು ಹೆಂಗಸು ಅಂದುಕೊಂಡು ಕೊಟ್ಟಿದ್ದರೆ ನಮ್ಮ ಕಪ್ತಾನರು ಹೆಂಗಸು. ಗಂಡಸು ಅಂದುಕೊಂಡಿದ್ದರೆ ಗಂಡಸು.

“ಸರಿ,” ಅಂದಳು ಜೊವೆಲಿನ್. “ನೀವೇ ಹೋಗಿ ಕೇಳ್ಕೊಂಡ್ ಬನ್ನಿ. ಅವರು ಏನಂದ್ರೆ ಅದೇ. ಹೆಂಗಸು ಅಂದ್ರೆ ನೀವು, ಹೆಲ್ಮೆಟ್ ತೆಗೆಯೋದೇ ಬೇಡ. ಗಂಡಸು ಅಂದ್ರೆ ಮೆಯೋಂಗ್.”

ಶನಿವಾರ ನಿನಾ ಎರಡು ಜೀಪು ಬದಲಾಯಿಸಿ ಒಲಿಂಪಿಯಾ ಇದ್ದ ಪಾಸಿಗ್‌ಗೆ ಹೋದಳು. ಬರಿಗೈಲಿ ಹೋಗಲಾಗದೆ ಒಂದು ಜೊತೆ ಮೆತ್ತನೆ ಚಪ್ಪಲಿ ಹೊಲಿದಿದ್ದಳು. ಕಾಲು ನೋಡಿರಲಿಲ್ಲ, ನಲವತ್ತು ವರ್ಷದಿಂದ ಕೇಳಿದ ದನಿಯ ಅಂದಾಜಿನ ಮೇಲೆ ಏಳನೇ ನಂಬರು ಅಂತ ಹಾಕಿದ್ದಳು.

ಒಲಿಂಪಿಯಾ ತಂಗಿಯ ಮಗಳ ಮನೆಯ ಹಿಂದಿನ ಕೋಣೆಯಲ್ಲಿ ಇದ್ದರು. ಕಣ್ಣು ಹೋಗಿ ಆರು ವರ್ಷ. ತೆಳ್ಳಗೆ, ಕುರ್ಚಿಯಲ್ಲಿ ಅರ್ಧ ಜಾಗವೂ ತುಂಬದ ಹಾಗೆ ಕೂತಿದ್ದರು. ನಿನಾ ಅಲ್ಲಿ ಹಿರಿಯರಿಗೆ ನಮಸ್ಕರಿಸುವ ಹಾಗೆ ಅವರ ಕೈ ಹಿಡಿದು ತನ್ನ ಹಣೆಗೆ ಮುಟ್ಟಿಸಿಕೊಂಡಳು. ಬಗ್ಗಿ ಚಪ್ಪಲಿ ತೊಡಿಸಿದಳು. ಚಪ್ಪಲಿಯೊಳಗೆ ಇನ್ನೊಂದು ಪಾದಕ್ಕೆ ಜಾಗ ಉಳಿಯಿತು.

“ಯಾರ ಕಾಲಿಗಮ್ಮಾ ಇದು, ಪಾದ್ರಿಗಳದ್ದಾ?” ಅಂದರು ಒಲಿಂಪಿಯಾ. ಅದೇ ದನಿ. ದೋಣ್ಯಾ ಉರ್ಸುಲಾದ ದನಿ.

“ನಿಮ್ಮ ದನಿ ಏಳನೇ ನಂಬರಿಂದು ಅಜ್ಜಿ. ಕಾಲು ಐದು ಅಂತ ನನಗೆ ಹೇಗೆ ಗೊತ್ತಾಗ್ಬೇಕು?”

ಮುದುಕಿ ಬೆನ್ನು ಅಲುಗುವ ಹಾಗೆ ನಕ್ಕರು. ಆಮೇಲೆ ನಿನಾ ಬಂದ ವಿಷಯ ಕೇಳಿದಳು, ಸುತ್ತುಬಳಸದೆ.

“ಗಂಡಸು,” ಅಂದರು ಒಲಿಂಪಿಯಾ, ಇದರಲ್ಲಿ ಕೇಳಲು ಏನಿದೆ ಅನ್ನುವ ಹಾಗೆ. “ಗಂಡಸೇ ಮಗಳೇ. ಆ ಪಾತ್ರಕ್ಕೆ ಬೇರೆ ಯಾರನ್ನೋ ಹೇಳಿದ್ರು, ಅವನು ಬರ್ಲೇ ಇಲ್ಲ. ನನಗೆ ಆವತ್ತು ನೆಗಡಿ. ಒಲಿಂಪಿಯಾ, ನಿನ್ನ ಗಂಟಲು ಇವತ್ತು ಗಂಡಸಾಗಿದೆ, ನೀನೇ ಮಾಡು ಅಂದ್ರು. ಮುಂದಿನ ವಾರ ನೆಗಡಿ ಹೋಯ್ತು, ಕಪ್ತಾನ್ ಹೋಗ್ಲಿಲ್ಲ. ಪ್ರತಿ ವಾರ ಮೈಕಿಗೆ ಹೋಗೋಕೆ ಮುಂಚೆ ಒಂದು ಸಿಗರೇಟು ಸೇದಿ, ಎದೆ ತಗ್ಗಿಸಿ, ಗಂಡಸಾಗ್ತಿದ್ದೆ. ಮೂವತ್ತಮೂರು ವಾರ. ಒಬ್ಬನೇ ಒಬ್ಬ ದೂರು ಹೇಳ್ಲಿಲ್ಲ ನೋಡು.”

“ಮರಿಕಿನಾದಲ್ಲಿ ನೀವು ಹೆಂಗಸಾಗಿದ್ರಿ,” ಅಂದಳು ನಿನಾ.

“ಏನು?”

“ನಮ್ಮ ಬೂಟಿನ ಮನೇಲಿ ನಿಮ್ಮನ್ನ ಮೊದಲ ದಿನವೇ ಗುರುತು ಹಿಡಿದ್ರು. ನಲವತ್ತು ವರ್ಷದಿಂದ ಹೆಂಗಸೇ.”

“ಹಾಗಾದ್ರೆ ಆ ಸಿಗರೇಟೆಲ್ಲಾ ದಂಡ?” ಅಂದರು ಒಲಿಂಪಿಯಾ. ಮುಖ ಸ್ವಲ್ಪ ಬಾಡಿತ್ತು. ಕಸುಬಿನವರು ಅವರು; ನಲವತ್ತು ವರ್ಷದ ಮೇಲೆ ಯಾರೋ ಬಂದು ನಿನ್ನ ಗಂಡುದನಿ ಯಾರೂ ನಂಬಲಿಲ್ಲ ಅಂದರೆ ಹಿತವಾಗುವ ಮಾತಲ್ಲ. ಒಳಗಿನಿಂದ ತಂಗಿಯ ಮಗಳು ಹಬೆಯಲ್ಲಿ ಬೇಯಿಸಿದ ಅಕ್ಕಿ ಕಡುಬು ತಂದಿಟ್ಟಳು. ಇಬ್ಬರೂ ತೆಂಗಿನ ತುರಿ ಉದುರಿಸಿಕೊಂಡು ತಿಂದರು. ಎರಡನೇ ಕಡುಬು ಮುಗಿಸಿ ಒಲಿಂಪಿಯಾ ಕೇಳಿದರು:

“ಎಂಥಾ ಹೆಂಗಸು ಅವರು?”

“ಯಾರು?”

“ನಿಮ್ಮ ಕಪ್ತಾನ್.”

ನಿನಾಗೆ ಇದನ್ನು ಯಾರೂ ಈ ಮೊದಲು ಕೇಳಿರಲಿಲ್ಲ. ಅವಳು ತಡೆದು ತಡೆದು ಹೇಳಿದಳು. ಜೋರು ಮಾಡುವವರಲ್ಲ. ಮಕ್ಕಳು ಎದುರು ಮಾತಾಡಿದರೆ ಸುಮ್ಮನಿರುತ್ತಾರೆ, ಯಾಕೆಂದರೆ ಅವರಿಗೆ ಅದಕ್ಕಿಂತ ದೊಡ್ಡ ಕೆಲಸ ಇದೆ. ಅವರ ಬೆನ್ನು ನೋವು ಯಾರಿಗೂ ಗೊತ್ತಿಲ್ಲ. ಎಲ್ಲರೂ ಒಳಗೆ ಬಂದ ಮೇಲೇ ಕೂರುತ್ತಾರೆ. ಹೆಲ್ಮೆಟ್ಟು ಯಾಕೆ ತೆಗೆಯುವುದಿಲ್ಲ ಅಂದರೆ, ತೆಗೆದರೆ ದಣಿದದ್ದು ಕಾಣುತ್ತದೆ.

ಒಲಿಂಪಿಯಾ ತಲೆ ಒಂದು ಕಡೆ ವಾಲಿಸಿ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಅಂದರು, “ನಾನೊಂದು ಹೇಳ್ಲಾ? ಹೆಂಗಸು ಅಂದ್ಕೊಂಡೇ ಮಾಡ್ದೆ ಅಂತ ಹೇಳಿಬಿಡ್ತೀನಿ. ಆವತ್ತು ಆ ಕೋಣೇಲಿ ಇದ್ದೋರಲ್ಲಿ ನಾನೊಬ್ಬಳೇ ಉಳಿದಿರೋದು. ಸುಳ್ಳು ಅನ್ನೋಕೆ ಸ್ವರ್ಗದಿಂದ ಯಾರ್ ಬರ್ತಾರೆ?”

ಸಭಾಂಗಣ, ಬೆಳಕು, ಇನ್ನೂರು ಜನ, ತನ್ನ ಬೂಟು, ಎಲ್ಲಾ ನಿನಾಳ ಕಣ್ಣ ಮುಂದೆ ಬಂದು ನಿಂತವು. ಒಂದು ಹೂಂ ಅಂದರೆ ಸಾಕಿತ್ತು. ಅವಳು ಮುದುಕಿಯ ಪಾದವನ್ನು ತೊಡೆಯ ಮೇಲೆ ಇಟ್ಟುಕೊಂಡು, ಕೈಚೀಲದಲ್ಲಿದ್ದ ಟೇಪು ತೆಗೆದು, ಉದ್ದ ಅಗಲ ಎರಡನ್ನೂ ಅಳೆದಳು.

“ಬೇಡ ಅಜ್ಜಿ,” ಅಂದಳು. “ತಪ್ಪು ಅಳತೆ ತಗೊಂಡ್ ಹೋದ್ರೆ ಆಮೇಲೆ ಕೂತು ಬಿಚ್ಚೋಳು ನಾನೇ.”

ಸೋಮವಾರ ಅವಳು ಜೊವೆಲಿನ್‌ಗೆ ಫೋನು ಮಾಡಿ, ಗಂಡಸಂತೆ, ಮೆಯೋಂಗನನ್ನ ಕಳಿಸು ಅಳತೆ ತಗೋಬೇಕು ಅಂದಳು. ಬೇರೆ ಏನೂ ಹೇಳಲಿಲ್ಲ.

ಮೆಯೋಂಗನದು ಒಂಬತ್ತನೇ ನಂಬರು, ಎಡಗಾಲು ಬಲಗಾಲಿಗಿಂತ ಒಂದು ನೂಲು ದಪ್ಪ. ದಿನ ಇದ್ದದ್ದು ಆರು. ಹಗಲು ಅಂಗಡಿಗಳ ಬೂಟು ಹೊಲಿದು, ಊಟದ ಬಿಡುವಿನಲ್ಲಿ ನಿನಾ ಕಪ್ತಾನರ ಬೂಟು ಹೊಲಿದಳು. ಅಂಗಿಯ ಬೆನ್ನಿಗೆ ಬಟ್ಟೆ ಸೇರಿಸಿ ಅಗಲ ಮಾಡಿದಳು. ಹೆಲ್ಮೆಟ್ಟಿನ ಒಳಗಿನ ಹತ್ತಿ ಕಿತ್ತಳು, ಅವನ ತಲೆ ದೊಡ್ಡದು.

“ಅಲ್ವೇ, ಇದೆಂಥಾ ಕರ್ಮ ನಿಂದು,” ಅಂದಳು ಲುದಿಂಗ್, ಒಣಮೀನು ಅನ್ನ ಕಲಸುತ್ತಾ. “ನಿನ್ನನ್ನ ಹಡಗಿಂದ ಇಳಿಸೋಕೆ ನೀನೇ ಏಣಿ ಹೊಲೀತಾ ಕೂತಿದೀಯ. ಒಂದು ಮೊಳೆ ಒಳಗೆ ಬಿಟ್ಬಿಡು, ನಾಲ್ಕು ಹೆಜ್ಜೆಗೆ ಕುಂಟ್ಲಿ.”

“ಕಪ್ತಾನ್ ಕುಂಟಿದ್ರೆ ಬೂಟು ಯಾರು ಹೊಲಿದದ್ದು ಅಂತ ಕೇಳ್ತಾರೆ.”

“ನಿನಗೆ ಬೇಜಾರಿಲ್ವಾ?”

“ಇದೆ. ಆ ಮೇಣದ ದಾರ ಕೊಡು.”

ಅವಳಿಗೆ ಇದ್ದ ಬೇಜಾರು ವೇದಿಕೆಯದ್ದು ಮಾತ್ರ ಅಲ್ಲ. ನಲವತ್ತು ವರ್ಷ ತಲೆಯೊಳಗೆ ನಡೆದಾಡಿದ ಒಬ್ಬ ಹೆಂಗಸು ಈ ಭಾನುವಾರ ಮಧ್ಯಾಹ್ನಕ್ಕೆ ಇರುವುದಿಲ್ಲ ಅಂತ. ಹೆಲ್ಮೆಟ್ಟು ತೆಗೆದ ಕ್ಷಣ ಅವರು ಹೋಗಿಬಿಡುತ್ತಾರೆ. ಹೋಗದೇ ಮನೆಯಲ್ಲೇ ಇದ್ದುಬಿಡೋಣ ಅಂತಲೂ ಯೋಚಿಸಿದಳು. ಆದರೆ ಶುಕ್ರವಾರ ಒಲಿಂಪಿಯಾ ಕಡೆಯಿಂದ ಸಂಘಕ್ಕೆ ಫೋನು ಬಂತು. ಕಣ್ಣಿಲ್ಲದ ತನಗೆ ಯಾರಾದರೂ ಕಿವಿಯಲ್ಲಿ ಮಾತು ಓದಿ ಹೇಳಬೇಕು, ಪಾದ್ರಿ ಚಪ್ಪಲಿ ತಂದವಳನ್ನೇ ಕೂರಿಸಿ, ಬೇರೆ ಯಾರಾದರೂ ಆದರೆ ಬರುವುದಿಲ್ಲ ಅಂತ.

ಭಾನುವಾರ ಚರ್ಚಿನ ಪೂಜೆ ಮುಗಿಸಿ ಜನ ಹಾಗೇ ಮಾಲಿಗೆ ಬಂದಿದ್ದರು. ಬೆಳ್ಳಿ ಕಾಗದ ಸುತ್ತಿಕೊಂಡವರು, ತಲೆಗೆ ಕೋಡು ಸಿಕ್ಕಿಸಿಕೊಂಡವರು, ಮೊಮ್ಮಕ್ಕಳನ್ನು ಎತ್ತಿಕೊಂಡವರು. ಪರದೆಯ ಎಡಕ್ಕೆ, ಕಪ್ಪು ಬಟ್ಟೆಯ ಮರೆಯಲ್ಲಿ, ಎರಡು ಕುರ್ಚಿ ಒಂದು ಮೈಕು. ನಿನಾ ಕಾಲಲ್ಲಿ ತನ್ನ ಐದನೇ ನಂಬರಿನ ಹಳೇ ಬೂಟು ಹಾಕಿಕೊಂಡಿದ್ದಳು, ಮೇಲೆ ಸಾದಾ ಬಟ್ಟೆ. ಅಲ್ಲಿ ಕತ್ತಲು, ಯಾರಿಗೂ ಕಾಣುತ್ತಿರಲಿಲ್ಲ. ಒಲಿಂಪಿಯಾಗೆ ಹೊಸ ಚಪ್ಪಲಿ ತೊಡಿಸಿದಳು. ಸರಿಯಾಗಿ ಕೂತಿತು.

“ಸಿಗರೇಟು ಬೇಕಾ ಅಜ್ಜಿ? ಹೊರಗೆ ಮೆಟ್ಟಿಲ ಹತ್ರ ಸೇದಬಹುದಂತೆ, ಕರ್ಕೊಂಡ್ ಹೋಗ್ತೀನಿ.”

“ಯಾಕೆ? ಇವತ್ತು ಗಂಡಸಾಗೋ ಕೆಲಸ ಇಲ್ವಲ್ಲ,” ಅಂದರು ಒಲಿಂಪಿಯಾ. “ಓದು ನೀನು. ನಿಧಾನ ಓದು.”

ದೀಪ ಆರಿತು. ಸೋರಾಗೋ ಬಂತು. ಹಡಗಿನ ಹೊಟ್ಟೆ ಒಡೆದಿದೆ, ಕೆಳಗೆ ಹಸಿರು ನೆಲ ಕಾಣುತ್ತಿದೆ, ಐದು ಮಕ್ಕಳಿಗೆ ಮಾತ್ರ ಇಳಿಯುವಷ್ಟು ಸಣ್ಣ ದೋಣಿ. ನಿನಾ ಹಾಳೆ ನೋಡುತ್ತಾ ಕಿವಿಯಲ್ಲಿ ಉಸುರುವಳು, ಒಲಿಂಪಿಯಾ ಅರೆಗಳಿಗೆ ಬಿಟ್ಟು ಮೈಕಿಗೆ ಹೇಳುವರು. ಎರಡು ಮಾತಿಗೇ ನಿನಾಗೆ ಗೊತ್ತಾಯಿತು. ಎದೆ ತಗ್ಗಿಸಿ ಮಾಡುತ್ತಿದ್ದ ಆ ಭಾರ ಇವತ್ತು ದನಿಯಲ್ಲಿ ಇಲ್ಲ. ಜೋರೂ ಇಲ್ಲ. ದಿನವೆಲ್ಲ ನಿಂತು ಕೆಲಸ ಮಾಡಿದ ಹೆಂಗಸೊಬ್ಬಳು ಒಳಗೆ ಬಂದವರನ್ನು ಎಣಿಸುವ ದನಿ. ಮುದುಕಿ ಪಾಸಿಗ್‌ನಲ್ಲಿ ಕೇಳಿಸಿಕೊಂಡದ್ದನ್ನೆಲ್ಲ ನೆನಪಿಟ್ಟುಕೊಂಡಿದ್ದರು.

ಕಿರಿಯ ಹುಡುಗಿ ನಿಮ್ಮ ಮುಖ ತೋರಿಸಿ ಅನ್ನುತ್ತಾಳೆ. ನಿನಾ ಹಾಳೆಯಿಂದ ಕಣ್ಣೆತ್ತಬೇಕೋ ಬೇಡವೋ ಅಂತ ಒಂದು ಕ್ಷಣ ತಡೆದಳು. ಎತ್ತಿದಳು.

ಪರದೆಯ ಮೇಲೆ ಹೆಲ್ಮೆಟ್ಟು ಹೊರಬಂತು. ವೇದಿಕೆಯ ಮೇಲೆ ಮೆಯೋಂಗನೂ ತೆಗೆದ. ಅಲ್ಲೊಂದು ಗಡ್ಡ, ಇಲ್ಲೊಂದು ಗಡ್ಡ. ಪರದೆಯ ಮೇಲಿನ ಮನುಷ್ಯನ ಒಂದು ಕೆನ್ನೆ ಸುಟ್ಟಿತ್ತು, ಕಣ್ಣ ಕೆಳಗೆ ಕಪ್ಪು, ತುಂಬ ದಣಿದಿದ್ದ. ಅವನು ಬಾಯಿ ತೆರೆದ.

“ಹೋಗಿಬನ್ನಿ ಮಕ್ಕಳೇ,” ಅಂತು ಎಂಬತ್ತೆರಡರ ಮುದುಕಿಯ ದನಿ. “ಬಾಗಿಲು ನಾನು ಕಾಯ್ತೀನಿ.”

ಸಭೆಯಲ್ಲಿ ನಗು ಎದ್ದಿತು. ಗಡ್ಡದೊಳಗಿಂದ ಅಜ್ಜಿಯ ದನಿ ಬಂದರೆ ಯಾರಾದರೂ ನಗುತ್ತಾರೆ. ಮುಂದಿನ ಸಾಲಿನಲ್ಲಿ ಕೋಡು ಸಿಕ್ಕಿಸಿಕೊಂಡವನು ತೊಡೆ ತಟ್ಟಿಕೊಂಡ. ಒಲಿಂಪಿಯಾ ನಿಲ್ಲಲಿಲ್ಲ, ದನಿ ಬದಲಿಸಲೂ ಇಲ್ಲ. ಒಬ್ಬೊಬ್ಬ ಮಗುವಿನ ಹೆಸರು ಹಿಡಿದು ಹೇಳಿದರು: ಇಂಥವನೇ, ಹೊದಿಕೆ ಎರಡು ತಗೋ. ಇಂಥವಳೇ, ಇವನನ್ನ ಬಯ್ಬೇಡ. ಮೂರನೇ ಹೆಸರಿಗೆ ನಗು ನಿಂತಿತು. ಐದನೇ ಹೆಸರಿಗೆ ಕುರ್ಚಿ ಕಿರುಗುಟ್ಟುವುದೂ ನಿಂತಿತು. ಹಡಗಿನ ಬಾಗಿಲು ಮುಚ್ಚಿಕೊಂಡಿತು, ಒಳಗಡೆ ಗಡ್ಡದವನು ಮೊಟ್ಟಮೊದಲ ಸಲ ಕೂತುಕೊಂಡ.

ನಿನಾ ಆ ಮುಖವನ್ನು ಕೊನೆಯ ತನಕ ನೋಡಿದಳು. ಮುಖ ಅಲ್ಲಿತ್ತು, ದನಿ ಅವಳ ಎಡಗಡೆ, ಒಂದು ಮೊಳ ದೂರದಲ್ಲಿ ಉಸಿರಾಡುತ್ತಿತ್ತು.

ದೀಪ ಹತ್ತಿದ ಮೇಲೆ ಜನ ಒಲಿಂಪಿಯಾರನ್ನು ಮುತ್ತಿಕೊಂಡರು. ಜೊವೆಲಿನ್ ಅಳುತ್ತಿದ್ದಳು, ಮೂಗು ಒರೆಸಿಕೊಳ್ಳುತ್ತಾ ಎಲ್ಲರಿಗೂ ಸಾಲು ಮಾಡಿ ಸಾಲು ಮಾಡಿ ಅನ್ನುತ್ತಿದ್ದಳು. ಮೆಯೋಂಗ್ ಹೆಲ್ಮೆಟ್ಟು ಕಂಕುಳಲ್ಲಿ ಇಟ್ಟುಕೊಂಡು ಕಪ್ಪು ಬಟ್ಟೆಯ ಹಿಂದೆ ಬಂದ.

“ಎಡಗಾಲು ಸ್ವಲ್ಪ ಕಚ್ಚುತ್ತೆ ಅಕ್ಕಾ.”

“ಮೂರು ದಿನ ಹಾಕು, ಸರಿ ಹೋಗುತ್ತೆ.”

“ಹೆಲ್ಮೆಟ್ಟು?”

“ನಿನ್ನ ತಲೆಗೆ ಮಾಡಿದೀನಲ್ಲ, ನೀನೇ ಇಟ್ಕೋ. ಮಳೆ ನೀರು ತಾಗಿಸ್ಬೇಡ, ಹಿಟ್ಟು ಬಿಟ್ಬಿಡುತ್ತೆ.” ಆಮೇಲೆ ಸೇರಿಸಿದಳು, “ಎರಡು ಬೆರಳಲ್ಲಿ ಮುಟ್ಟೋದು. ನೀನು ಇವತ್ತು ಮೂರರಲ್ಲಿ ಮುಟ್ಟಿದೆ.”

ಮಾರನೇ ದಿನ ಎಂಟಕ್ಕೆ ರೇಡಿಯೋ ಶುರುವಾಯಿತು. ಬಾಗಿಲ ಹತ್ತಿರದ ಗಂಡಸರು ಮೊಳೆ ಕಚ್ಚಿಕೊಂಡರು. ಲುದಿಂಗ್ ಭಾನುವಾರ ನೆಂಟರ ಮನೆಯ ನಾಮಕರಣಕ್ಕೆ ಹೋಗಿದ್ದಳು, ಮಾಲಿಗೆ ಬಂದಿರಲಿಲ್ಲ. ನಿನಾ ಕೂತು, ಸೂಜಿಗೆ ದಾರ ಏರಿಸಿ, ಮೊದಲ ಹೊಲಿಗೆ ಹಾಕುವ ತನಕ ಲುದಿಂಗ್ ಪ್ರಶ್ನೆ ತಡೆದುಕೊಂಡಳು.

“ಹೇಳೇ, ಕೊನೆಗೂ ಏನಾಯ್ತು? ಕಪ್ತಾನ್ ಗಂಡಸೋ ಹೆಂಗಸೋ?”

ನಿನಾ ಚರ್ಮವನ್ನು ತಿರುಗಿಸಿ ಮೂಲೆಗೆ ತಂದಳು. ಮೂಲೆಯಲ್ಲಿ ಹೊಲಿಗೆ ಸಣ್ಣದಾಗಬೇಕು, ಅಲ್ಲಿ ಮಾತಾಡಿದರೆ ಕೆಡುತ್ತದೆ. ದಾಟಿದ ಮೇಲೆ ಅಂದಳು:

“ಸಿಯಾ.”

“ಅದೇ ಯಾರು ಅಂತ ಕೇಳಿದ್ದು.”

“ಅವರೇ ಕಣೇ,” ಅಂದಳು ನಿನಾ, ಮಿಷನ್ನು ತುಳಿಯುತ್ತಾ. “ಅವರೇ.”